ಮನೆ ಬದಲಿಸೋ ಆಟ

ಫ್ರೇಮಣ್ಣನ ಬೇರೆಲ್ಲ ಅವಾಂತರಗಳಂತೆ ಇದೂ ಬಿಟ್ಟಿ ಸಿಕ್ಕ ಸಲಹೆಯೊಂದರಿಂದಲೇ ಶುರುವಾಯಿತು.

ಅವನು ಕನ್ನಡಕದ ಅಂಗಡಿಯಲ್ಲಿ ಫ್ರೇಮು ಮಾರುವವನು. ದಿನವಿಡೀ ಬಂದವರ ಮೂಗಿನ ಮೇಲೆ ಒಂದೊಂದು ಫ್ರೇಮು ಕೂರಿಸಿ, "ನಿಮಗಂತಲೇ ಮಾಡಿದ ಹಾಗಿದೆ ನೋಡಿ" ಎಂದು ಗಟ್ಟಿಯಾಗಿ ಹೇಳುವುದು ಅವನ ಕೆಲಸ. ಹೀಗೆ ಹೇಳಿ ಹೇಳಿ, ಯಾರು ಏನನ್ನು ಗಟ್ಟಿಯಾಗಿ ಹೇಳಿದರೂ ಅದು ನಿಜವೇ ಇರಬೇಕು ಎಂದು ನಂಬುವ ರೋಗ ಅವನಿಗೂ ಅಂಟಿಕೊಂಡಿತ್ತು. ಅವನು ವಾಸವಿದ್ದ ಕಟ್ಟಡದಲ್ಲಿ ಅವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ತಿಳಿದುಕೊಂಡು ಆಗಬೇಕಾದ್ದು ಏನೂ ಇಲ್ಲ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು.

ಮರುದಿನ ಬೆಳಿಗ್ಗೆ ಮನೆ ಸಾಮಾನು ಸಾಗಿಸಲು ಲಾರಿ ಬರುವುದಿತ್ತು. ಫ್ರೇಮಣ್ಣನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನವಳು. ಊರಿನ ಇನ್ನೊಂದು ತುದಿಯಲ್ಲಿ ಲ್ಯಾಬಿನವರು ಹೊಸ ಶಾಖೆ ತೆರೆದು ಅವಳನ್ನೇ ಅದರ ಮುಖ್ಯಸ್ಥೆ ಮಾಡಿದ್ದರು. ವರ್ಷಗಟ್ಟಲೆ ಕಾದು ಸಿಕ್ಕಿದ ಜಾಗ. ಅದರ ಹತ್ತಿರವೇ ಮನೆ ನೋಡಿಯಾಗಿತ್ತು. ಪಾತ್ರೆ ಪಗಡ, ಹಾಸಿಗೆ ದಿಂಬು ಎಲ್ಲ ಗಂಟುಮೂಟೆಯಾಗಿತ್ತು. ಕಟ್ಟಲಾಗದೆ ಉಳಿದಿದ್ದದ್ದು ಒಂದೇ, ಮಗಳು ಚೂಟಿ.

ಐದು ವರ್ಷದ ಚೂಟಿ ಗೋಡೆ ಕಪಾಟಿನ ಕೆಳಗಿನ ಅರೆಯೊಳಗೆ ಮಂಡಿ ಮಡಚಿ ಕೂತಿದ್ದಳು. ಕಪಾಟು ಗೋಡೆಗೇ ಸೇರಿದ್ದು, ಅದು ಲಾರಿ ಹತ್ತುವುದಿಲ್ಲ ಎಂದು ಯಾರೋ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಲಾರಿ ಹತ್ತದ ವಸ್ತುವಿನ ಒಳಗೆ ಕೂತರೆ ತಾನೂ ಹತ್ತಬೇಕಿಲ್ಲ ಎಂಬುದು ಅವಳ ಲೆಕ್ಕಾಚಾರ. ಅದರಲ್ಲಿ ತಪ್ಪು ಹುಡುಕುವುದು ದೊಡ್ಡವರಿಗೂ ಕಷ್ಟವೇ. ಕೈಯಲ್ಲಿ ಕಿವಿ ಹರಿದ ಬಟ್ಟೆಯ ಆನೆ, ಮುಖದಲ್ಲಿ ಒಂದು ವಾರದಿಂದ ಬಿಚ್ಚದ ಗಂಟು.

ಹೆಂಡತಿ ಕಪಾಟಿನ ಮುಂದೆ ಕೂತು, ಮಗಳು ಒಳಗಿದ್ದ ಹಾಗೆಯೇ ತಲೆ ಬಾಚಿ ಜಡೆ ಹಾಕಿದಳು. ಆಮೇಲೆ ಎದ್ದು ಗಂಡನನ್ನು ಅಡುಗೆಮನೆಗೆ ಕರೆದಳು.

"ನೋಡಿ, ಎತ್ತಿ ಲಾರಿಗೆ ಹಾಕೋದು ಏನು ಮಹಾ ಕೆಲಸ ಅಲ್ಲ. ಆದ್ರೆ ಅಳಿಸಿ ಕರ್ಕೊಂಡು ಹೋಗೋದಾದ್ರೆ ನನಗೆ ಆ ಕೆಲಸಾನೇ ಬೇಡ. ಇಲ್ಲೇ ಟೆಸ್ಟ್ ಟ್ಯೂಬ್ ತೊಳ್ಕೊಂಡು ಇರ್ತೀನಿ. ಇವತ್ತು ನಂಗೆ ಹಳೇ ಲ್ಯಾಬಲ್ಲಿ ಎಲ್ಲಾ ಒಪ್ಪಿಸೋದಿದೆ. ನಿಮಗೆ ರಜ ಇದೆ. ಸಂಜೆ ನಾನು ಬರೋಷ್ಟರಲ್ಲಿ ಅವಳನ್ನ ಒಪ್ಪಿಸಿ."

"ಅಷ್ಟೇ ತಾನೆ," ಎಂದ ಫ್ರೇಮಣ್ಣ.

"ಬೈಬಾರ್ದು. ಹೆದರಿಸ್ಬಾರ್ದು. ಚಾಕಲೇಟ್ ತೋರಿಸ್ಬಾರ್ದು."

ಫ್ರೇಮಣ್ಣನ ಮುಖ ಇಳಿಯಿತು. ಅವನಿಗೆ ಗೊತ್ತಿದ್ದ ವಿದ್ಯೆಗಳೇ ಆ ಮೂರು.

ಹೆಂಡತಿ ಹೊರಟ ಮೇಲೆ ಅವನು ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಗೆಳೆಯನಿಗೆ ಫೋನು ಮಾಡಿದ. ಆ ಗೆಳೆಯನಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಅವನಿಗೆ ಒಂದೇ ಒಂದು ಸಂಶಯವೂ ಇರಲಿಲ್ಲ. ಸಾಲದ್ದಕ್ಕೆ, ಊಟ ಕೊಡುತ್ತಾರೆಂದು ಯಾವುದೋ ಶಿಶುಪಾಲನೆಯ ಶಿಬಿರಕ್ಕೆ ಹೋಗಿ ಅರ್ಧ ದಿನ ಕೂತು ಬಂದಿದ್ದ.

"ಗುರೂ, ಇದಕ್ಕೆ ನಟನೆ ಆಟ ಅಂತ ಇದೆ," ಎಂದ ಗೆಳೆಯ. "ಮಕ್ಕಳಿಗೆ ಹೊಸದು ಅಂದ್ರೆ ಭಯ. ಅದನ್ನೇ ನಾವು ಮುಂಚೆ ಆಟದಲ್ಲಿ ಆಡಿ ತೋರಿಸಿಬಿಟ್ರೆ, ನಿಜವಾಗಿ ಬರೋ ಹೊತ್ತಿಗೆ ಅದು ಹಳೇದಾಗಿರುತ್ತೆ. ನೀನು ಮನೆ ಬದಲಿಸೋ ಆಟ ಆಡಿಸು."

"ಶುರು ಹೇಗೆ ಮಾಡೋದು?"

"ಡಬ್ಬ, ಗೊಂಬೆ, ಏನಿದ್ಯೋ ಅದು. ನೀನೇ ಲಾರಿ. ಮಗು ಹೇಳಿದ ಹಾಗೆ ಕುಣಿ."

"ಮುಗಿಸೋದು ಹೇಗೆ?"

"ಅದನ್ನ ಹೇಳೋ ಹೊತ್ತಿಗೆ ಊಟಕ್ಕೆ ಕರೆದ್ರು ಕಣೋ. ಅದೇನು ದೊಡ್ಡ ವಿಷಯ ಅಲ್ಲ, ಬಿಡು."

ಫ್ರೇಮಣ್ಣ ಚಪ್ಪಲಿಯ ಡಬ್ಬವೊಂದನ್ನು ಹುಡುಕಿ ತಂದು ಕಪಾಟಿನ ಮುಂದೆ ಬೋರಲು ಹಾಕಿದ. ಅದು ಹೊಸ ಮನೆ. ಎರಡು ಗೊಂಬೆಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು, ಕೈ ಮೊಣಕಾಲೂರಿ, ಗಂಟಲೊಳಗಿಂದ ಗುರ್ ಗುರ್ ಎನ್ನುತ್ತ ಹಾಲನ್ನೆಲ್ಲ ಸುತ್ತಿದ. ಶಬ್ದ ಲಾರಿಗಿಂತ ಹೆಚ್ಚಾಗಿ ಹೊಟ್ಟೆ ಕೆಟ್ಟ ಎಮ್ಮೆಯದನ್ನು ಹೋಲುತ್ತಿತ್ತು. ಚೂಟಿ ಕಪಾಟಿನೊಳಗಿಂದಲೇ ಅವನನ್ನು ಕನಿಕರದಿಂದ ನೋಡಿದಳು.

"ಅಪ್ಪಾ, ಕಾಲು ನೋವಾ?"

"ಇಲ್ಲ ಮಗಳೇ, ನಾನು ಲಾರಿ. ಹೊಸ ಮನೆಗೆ ಹೋಗ್ತಿದೀನಿ. ಎಷ್ಟು ಮಜಾ ಅಲ್ವಾ?"

"ಹೊಸ ಮನೆ ಅಷ್ಟು ಚಿಕ್ಕದಾ?" ಎಂದಳು ಚೂಟಿ. ಅವಳ ಕೆಳತುಟಿ ನಡುಗತೊಡಗಿತು.

ಎದುರು ಮನೆಯ ಟೈಲರಮ್ಮನ ಬಾಗಿಲು ಎಂದೂ ಮುಚ್ಚುತ್ತಿರಲಿಲ್ಲ. ಅವರ ಕಾಲು ಹೊಲಿಗೆ ಯಂತ್ರದ ಮೇಲಿದ್ದರೂ ಕಿವಿ ಸದಾ ಫ್ರೇಮಣ್ಣನ ಹಾಲಿನಲ್ಲೇ ಇರುತ್ತಿತ್ತು. ಈಗ ಅವರು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಒಳಗೆ ಬಂದರು.

"ಅಲ್ಲ ಫ್ರೇಮಣ್ಣ, ಚಪ್ಪಲಿ ಡಬ್ಬೀಲಿ ಯಾರಾದ್ರೂ ಸಂಸಾರ ಮಾಡ್ತಾರಾ? ಮಗೂಗೆ ಭಯ ಆಗ್ದೆ ಇನ್ನೇನಾಗುತ್ತೆ?"

"ಆಟ ಅಕ್ಕಾ. ನಟನೆ."

"ಬ್ಲೌಸ್ ಟ್ರಯಲ್ ನೋಡೋವಾಗ ಗೊಂಬೆಗೆ ಹಾಕಿ ನೋಡ್ತೀವಾ? ಮೈಗೇ ಹಾಕಿ ನೋಡ್ಬೇಕು. ಅವಳ ಸಾಮಾನೇ ಎತ್ತಿ, ಅವಳ ಮಂಚಾನೇ ಎತ್ತಿ. ಆಗ ಆಟ ಆಗುತ್ತೆ."

ಟೈಲರಮ್ಮ ಗಟ್ಟಿಯಾಗಿ ಹೇಳಿದ್ದರಿಂದ ಫ್ರೇಮಣ್ಣನಿಗೆ ಅದು ಸರಿ ಎನಿಸಿತು. ಚೂಟಿಯ ಮಡಚುವ ಮಂಚವನ್ನು ಎಳೆದ. ಅದು ಮಡಚಲು ಒಪ್ಪದೆ ನೆಲದ ಮೇಲೆ ಕಿರಿಚಿತು. ಕಿರಿಚಿದ ಸದ್ದಿಗೆ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಓಡಿ ಬಂದರು. ಶಾಲೆಗೆ ರಜವಿದ್ದರೂ ಅವರ ಕೊರಳಲ್ಲಿ ಸೀಟಿ ಇತ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹೀಗಾಗಿ ಅಪ್ಪಣೆ ಕೊಡುವ ಅವಕಾಶ ಎಲ್ಲೇ ಕಂಡರೂ ಅವರು ಬಿಡುತ್ತಿರಲಿಲ್ಲ.

"ಬೆನ್ನು ನೆಟ್ಟಗೆ, ಮಂಡಿ ಬಗ್ಗಿಸಿ ಎತ್ರೀ," ಎಂದು ಸೀಟಿ ಊದಿದರು. "ಏನ್ರೀ ಇದು, ಒಗೆದ ಬಟ್ಟೆ ಹಾಗೆ ಜೋತು ಬಿದ್ದಿದೀರಿ."

ಸೀಟಿಯ ಸದ್ದಿಗೆ ಚೂಟಿ ಕಪಾಟಿನಿಂದ ತಲೆ ಹೊರಗೆ ಹಾಕಿದಳು. ಅಪ್ಪನಿಗೆ ಯಾರೋ ಬೈಯುತ್ತಿರುವುದನ್ನು ಹತ್ತಿರದಿಂದ ನೋಡಬೇಕೆಂದು ಹೊರಗೇ ಬಂದಳು.

"ಬಂದ್ಲು, ಬಂದ್ಲು," ಎಂದು ಪಿಸುಗುಟ್ಟಿದರು ಟೈಲರಮ್ಮ, ತಾವೇ ಹೆತ್ತ ಹಾಗೆ.

ಈ ಗದ್ದಲ ನಿಲ್ಲಿಸಬೇಕೆಂದು ಮೇಲಿನ ಮನೆಯಿಂದ ನಿವೃತ್ತ ಸ್ಟೇಷನ್ ಮಾಸ್ಟರು ಇಳಿದು ಬಂದರು. ವಿಷಯ ಕೇಳಿದರು. ಮೀಸೆ ಸವರಿಕೊಂಡರು.

"ಏನಪ್ಪಾ ಫ್ರೇಮು, ಗಾಡಿ ಹೊರಡುತ್ತೆ ಸರಿ. ಎಲ್ಲಿಗೆ ಹೋಗಿ ನಿಲ್ಲುತ್ತೆ?"

"ಎಲ್ಲಿಗೂ ಇಲ್ಲ ಸಾರ್. ಬಾಗಿಲ ತನಕ ಹೋಗಿ ವಾಪಸ್ ಬರೋದು. ಆಟ ಅಷ್ಟೇ."

"ಎಲ್ಲಿಗೂ ಹೋಗದ ಗಾಡಿಗೆ ನನ್ನ ಸರ್ವೀಸಿನಲ್ಲೇ ನಾನು ಹಸಿರು ಬಾವುಟ ತೋರಿಸಿದವನಲ್ಲ. ಮಗು ಏನು ಕಲಿಯುತ್ತೆ ಇದರಲ್ಲಿ? ಹೊರಡೋದು ಅಂದ್ರೆ ಅರ್ಧ ದಾರೀಲಿ ವಾಪಸ್ ಬರೋದು ಅಂತಾನಾ?" ಮಾಸ್ಟರು ಗಂಟಲು ಸರಿಮಾಡಿಕೊಂಡರು. "ನಮ್ಮ ಮನೆ ಮುಂದಿನ ಕೋಣೆ ಖಾಲಿ ಬಿದ್ದಿದೆ. ಅದೇ ಹೊಸ ಮನೆ ಆಗ್ಲಿ. ನಾನು ಮನೆ ಯಜಮಾನ."

ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಆಡಿಲ್ಲ ಎಂದು ಫ್ರೇಮಣ್ಣನಿಗೆ ಅನ್ನಿಸಿತು. ಆ ಕ್ಷಣದಲ್ಲಿ ಅವನ ತಲೆಯಲ್ಲಿ ಸ್ವಂತದ್ದು ಎನ್ನುವ ಒಂದು ಯೋಚನೆಯೂ ಇರಲಿಲ್ಲ.

ಸಾಗಾಟ ಶುರುವಾಯಿತು. ಮೊದಲು ಚೂಟಿಯ ಆನೆ, ಆಮೇಲೆ ಗೊಂಬೆಗಳು, ಬಟ್ಟೆಯ ಚೀಲ, ಬಣ್ಣದ ಪೆನ್ಸಿಲ್ಲು, ಕಿಟಕಿಯಿಂದ ಬಿಚ್ಚಿದ ಮೀನಿನ ಚಿತ್ರದ ಪರದೆ. ಇಷ್ಟನ್ನೂ ಹೊತ್ತದ್ದು ಫ್ರೇಮಣ್ಣ ಒಬ್ಬನೇ. ಡ್ರಿಲ್ ಮೇಷ್ಟ್ರು ಮೆಟ್ಟಿಲಿಗೊಂದು ಸೀಟಿ ಊದುತ್ತಿದ್ದರು, ಟೈಲರಮ್ಮ ಟೇಪು ಹಿಡಿದು ಮೂಲೆ ಅಳೆಯುತ್ತಿದ್ದರು. ಮಂಚವನ್ನು ತಲೆಯ ಮೇಲೆ ಹೊತ್ತು ತಿರುವಿಗೆ ಬಂದಾಗ ಅದರ ಕಾಲು ಕಂಬಿಯ ಸಂದಿಗೆ ಸಿಕ್ಕಿ, ಫ್ರೇಮಣ್ಣ ಹಲ್ಲಿಗೆ ಸಿಕ್ಕ ಮಾವಿನ ನಾರಿನಂತೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತ.

"ನಾನು ಆಗಲೇ ಅಂದ್ಕೊಂಡೆ, ಅಡ್ಡ ಹಿಡಿದ್ರೆ ಹೋಗಲ್ಲ ಅಂತ," ಎಂದರು ಟೈಲರಮ್ಮ.

"ಮತ್ತೆ ಹೇಳ್ಬಾರ್ದಾ ಅಕ್ಕಾ?"

"ನೀವು ಕೇಳಿದ್ರಾ?"

ಚೂಟಿ ನಕ್ಕಳು. ಒಂದು ವಾರದಲ್ಲಿ ಮೊದಲ ಬಾರಿ ನಕ್ಕಳು. ಕತ್ತು ಮುರಿಯುವಂತಿದ್ದರೂ ಫ್ರೇಮಣ್ಣನ ಎದೆ ಉಬ್ಬಿತು. ಉಬ್ಬಿದ್ದರಿಂದ ಇನ್ನಷ್ಟು ಸಿಕ್ಕಿಕೊಂಡ.

ಮೇಲೆ ಮಾಸ್ಟರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಯಜಮಾನನಾಗಿ ಕೂತಿದ್ದರು.

"ಮನೆ ಬೇಕಾಗಿರೋದು ಯಾರಿಗೆ?"

"ನಂಗೆ," ಎಂದಳು ಚೂಟಿ.

"ಗೋಡೆಗೆ ಮೊಳೆ ಹೊಡೀತೀರಾ?"

"ಅಪ್ಪ ಹೊಡೀತಾರೆ. ಬೆರಳಿಗೆ ಹೊಡ್ಕೋತಾರೆ."

"ಬಚ್ಚಲಲ್ಲಿ ಹಾಡೋ ಅಭ್ಯಾಸ?"

"ಅಪ್ಪಂಗೆ ಇದೆ. ಅಮ್ಮ ಹತ್ತಿ ಇಟ್ಕೋತಾಳೆ ಕಿವೀಗೆ."

"ನನಗೆ ಗೊತ್ತಿರೋದೇ," ಎಂದರು ಮಾಸ್ಟರು, ಯಜಮಾನನ ದನಿಯಲ್ಲಲ್ಲ, ಮೇಲಿನ ಮನೆಯವರ ದನಿಯಲ್ಲಿ. "ನಿಮ್ಮಪ್ಪ ಎಂಥ ಮನುಷ್ಯ? ಬಾಡಿಗೆಗೆ ಇಟ್ಕೋಬಹುದಾ?"

ಚೂಟಿ ತಿರುಗಿ, ಮಂಚದ ಕೆಳಗೆ ಬೆವರುತ್ತಿದ್ದ ತಂದೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಟ್ಕೊಳ್ಳಿ," ಎಂದಳು. "ಮೂಲೇಲಿ ಇರ್ತಾರೆ."

ಮೆಟ್ಟಿಲ ಮೇಲೆ ನಿಂತವರೆಲ್ಲ ಕಂಬಿ ಹಿಡಿದುಕೊಂಡು ನಕ್ಕರು. ಫ್ರೇಮಣ್ಣನೂ ಹಲ್ಲು ಕಿರಿದ. ಮಕ್ಕಳ ಮನಸ್ಸು ಗಟ್ಟಿಮಾಡುವ ಕಾರ್ಯದಲ್ಲಿ ತಂದೆಯ ಮಾನ ಅಷ್ಟಿಷ್ಟು ಹೋಗುವುದು ಸಹಜ ಎಂದು ಸಮಾಧಾನ ಮಾಡಿಕೊಂಡ.

ಕೋಣೆಯಲ್ಲಿ ಮಂಚ ಬಿಚ್ಚಿದರು. ಚೂಟಿ ತಾನೇ ಜಾಗ ತೋರಿಸಿ ಪರದೆ ಕಟ್ಟಿಸಿದಳು. ಆನೆಯನ್ನು ಕಿಟಕಿಯ ಮೇಲೆ ಕೂರಿಸಿ ಹೊರಗಿನ ಬೀದಿ ತೋರಿಸಿದಳು. ಮಾಸ್ಟರ ಹೆಂಡತಿ ಬಿಸಿ ಹಾಲು ಕೊಟ್ಟರು. ಆ ಮನೆಯಲ್ಲಿ ಎಷ್ಟೋ ಕಾಲದಿಂದ ಮಾಸ್ಟರ ಕೆಮ್ಮಲ್ಲದೆ ಬೇರೆ ಸದ್ದು ಇರಲಿಲ್ಲ. ಮಗುವಿನ ಕೂದಲು ನೇವರಿಸಿದ ಆಕೆಯ ಕೈ ಅಲ್ಲೇ ಉಳಿಯಿತು.

ಫ್ರೇಮಣ್ಣ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಶಿಬಿರಕ್ಕೆ ತಾನೇ ಹೋಗಿ ಬಂದವನಂತೆ ಮಾತಾಡಿದ.

"ನೋಡಿದ್ಯಾ ಚೂಟಿ? ಹಳೇ ಮನೆಗೆ ಟಾಟಾ ಮಾಡಿ ಬಂದ್ವಿ. ಇದೇ ಈಗ ನಮ್ಮನೆ. ಇನ್ಮೇಲೆ ಹಳೇ ಮನೆ ಬೇಕು ಅಂತ ಹಟ ಮಾಡ್ಬಾರ್ದು. ಆಯ್ತಾ?"

"ಆಯ್ತು," ಎಂದಳು ಚೂಟಿ, ಬಹಳ ಸುಲಭವಾಗಿ. ಹಾಲು ಕುಡಿದು ಮಂಚದ ಮೇಲೆ ಮಲಗಿ ನಿದ್ದೆ ಹೋದಳು.

ಫ್ರೇಮಣ್ಣ ಬೆಕ್ಕಿನ ಹೆಜ್ಜೆ ಇಟ್ಟು ಕೆಳಗಿಳಿದು ಗೆಳೆಯನಿಗೆ ಫೋನು ಮಾಡಿ ಹೊಗಳಿದ. ಉಳಿದ ಡಬ್ಬಗಳಿಗೆ ಹಗ್ಗ ಬಿಗಿದ. ಹೆಂಡತಿ ಬಂದಾಗ ಏನು ಹೇಳಬೇಕು, ಹೇಗೆ ಏನೂ ಆಗದವನಂತೆ ಹೇಳಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಬಾಗಿಲ ಬಳಿ ಡಬ್ಬಕ್ಕೆ ಒರಗಿ ತಾನೂ ನಿದ್ದೆ ಹೊಡೆದ.

ಎಚ್ಚರವಾದಾಗ ಸಂಜೆಯಾಗಿತ್ತು. ಮೈ ಮುರಿದು ಮೇಲೆ ಹೋದ. ಚೂಟಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು.

"ಆಟ ಮುಗೀತು ಮಗಳೇ. ಬಾ, ಮನೆಗೆ ಹೋಗೋಣ."

"ಯಾವ ಮನೆಗೆ?"

"ನಮ್ಮನೆಗೆ."

"ಇದೇ ನಮ್ಮನೆ," ಎಂದಳು ಚೂಟಿ, ಪೆನ್ಸಿಲು ಎತ್ತದೆ.

"ಇದು ಮಾಸ್ಟರ್ ತಾತನ ಮನೆ ಪುಟ್ಟಾ. ನಾವು ಹೋಗೋ ಹೊಸ ಮನೆ ಬೇರೆ ಇದೆ. ನಾಳೆ ಲಾರಿ ಬರುತ್ತಲ್ಲ, ಅದರಲ್ಲಿ—"

ಚೂಟಿ ಈಗ ತಲೆ ಎತ್ತಿದಳು. "ನಾವು ಬಂದಾಯ್ತಲ್ಲ ಅಪ್ಪಾ. ಒಂದ್ಸಲ ಬಂದ್ಮೇಲೆ ಮತ್ತೆ ಹಟ ಮಾಡ್ಬಾರ್ದು."

ಮಗಳು ಬದಲಾವಣೆಗೆ ಹೊಂದಿಕೊಂಡಿದ್ದಳು. ಪೂರ್ತಿಯಾಗಿ, ನಗುನಗುತ್ತ, ತಪ್ಪು ಮನೆಗೆ ಹೊಂದಿಕೊಂಡಿದ್ದಳು.

ಮುದ್ದು ಮಾಡಿದ, ಕೈ ಮುಗಿದ. ಮಂಚ ಎತ್ತಲು ಹೋದರೆ ಅವಳು ಅದರ ಮೇಲೆ ಹತ್ತಿ ಕೂತು ಎರಡು ಕೈಯಲ್ಲೂ ಕಂಬಿ ಹಿಡಿದಳು. ಕೆಳತುಟಿ ಮತ್ತೆ ನಡುಗಿತು. ಬೆಳಿಗ್ಗೆ ಅವಳಿಗೆ ಬಿಡಲು ಮನಸ್ಸಿಲ್ಲದ ಮನೆ ಒಂದಿತ್ತು. ಈಗ ಅದೇ ಹಟ ಒಂದು ಮಹಡಿ ಮೇಲಕ್ಕೆ ಏರಿತ್ತು, ಅಷ್ಟೇ.

ಸಲಹೆಗಾರರು ಮತ್ತೆ ಬಾಗಿಲಲ್ಲಿ ಸೇರಿದರು. ಬೆಳಿಗ್ಗೆ ಆಟ ನಮ್ಮದು ಎಂದವರೆಲ್ಲ ಈಗ ಒಟ್ಟಿಗೆ ಕೈ ತೊಳೆದುಕೊಂಡರು.

"ಮಂಚ ಯಾಕೆ ತರೋಕೆ ಹೋದ್ರಿ? ಗೊಂಬೆ ಸಾಕಾಗಿತ್ತು," ಎಂದರು ಟೈಲರಮ್ಮ.

"ಶಿಸ್ತಿಲ್ಲದ ಮನೆ," ಎಂದರು ಡ್ರಿಲ್ ಮೇಷ್ಟ್ರು.

"ನಾನು ಗಾಡಿಗೆ ಜಾಗ ಕೊಟ್ಟೆ, ಅಷ್ಟೇ. ಗಾಡಿ ಬಂದ ಮೇಲೆ ಅದನ್ನ ತಿರುಗಿಸೋದು ಇಂಜಿನ್‌ನವರ ಕೆಲಸ," ಎಂದರು ಮಾಸ್ಟರು. ಅವರ ಹೆಂಡತಿ ಮಾತ್ರ ಒಳಗಿನಿಂದ, "ಇರ್ಲಿ ಬಿಡೀಪ್ಪಾ, ಮಗು ಇಲ್ಲೇ ಇರ್ಲಿ. ನೀವು ಬೇಕಾದ್ರೆ ಲಾರಿ ಹತ್ತಿ," ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಕೇಳಿತು. ಎಲ್ಲರೂ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡರು. ಫ್ರೇಮಣ್ಣ ಕನ್ನಡಿಯ ಮುಂದೆ ಕಲಿತ ಮಾತೆಲ್ಲ ಮರೆತು, ನಡೆದದ್ದನ್ನು ತಲೆಕೆಳಗಾಗಿ ಒಪ್ಪಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಒಂದೊಂದಾಗಿ ಮೂವರು ಸಲಹೆಗಾರರ ಮುಖ ನೋಡಿದಳು. ಟೈಲರಮ್ಮನಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು, ಆದರೆ ಹೋಗಲಿಲ್ಲ.

"ಅಮ್ಮಾ, ಬಾ, ನಮ್ಮ ಹೊಸ ಮನೆ ನೋಡು," ಎಂದು ಚೂಟಿ ಕರೆದಳು.

ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ಮೇಲೆ ಕೂತಳು. ಪರದೆ ನೋಡಿದಳು, ಕಿಟಕಿ ನೋಡಿದಳು. ಮಗಳ ಸಡಿಲವಾದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ, "ಚೆನ್ನಾಗಿದೆ ಕಣೇ. ಎಷ್ಟು ಚೆನ್ನಾಗಿ ಜೋಡಿಸಿದೀಯ," ಎಂದಳು.

"ನಾನು ಅಳ್ಲೇ ಇಲ್ಲ."

"ಜಾಣೆ. ನಿಂಗೆ ಮನೆ ಬದಲಿಸೋಕೆ ಬಂತು." ಜಡೆಯ ತುದಿಗೆ ರಬ್ಬರು ಹಾಕಿದಳು. "ಅಪ್ಪಂಗೆ ಇನ್ನೂ ಬಂದಿಲ್ಲ ನೋಡು. ಪಾಪ, ನಾಳೆ ಲಾರಿ ಹತ್ತಬೇಕು ಅಂತ ಹೆದರಿ ಹೇಗಾಗಿದಾರೆ."

ಚೂಟಿ ಬಾಗಿಲ ಕಡೆ ನೋಡಿದಳು. ಫ್ರೇಮಣ್ಣನ ಅಂಗಿ ಬೆವರಿಗೆ ಅಂಟಿತ್ತು, ಹಣೆಯ ಮೇಲೆ ಮಂಚದ ಕಂಬಿಯ ಗೆರೆ ಇತ್ತು, ಕಣ್ಣು ಕೆಂಪಾಗಿತ್ತು. ಆ ಮುಖಕ್ಕೆ ನಟನೆಯ ಅಗತ್ಯವೇ ಇರಲಿಲ್ಲ.

"ಅಪ್ಪಾ, ನಿಂಗೆ ಭಯಾನಾ?"

"ನಂಗ್ಯಾಕೆ—" ಎಂದು ಶುರು ಮಾಡಿದ ಫ್ರೇಮಣ್ಣ, ಹೆಂಡತಿಯ ಕಣ್ಣು ನೋಡಿದ. "ಹೌದು ಕಣಮ್ಮ. ಭಯ."

"ಒಬ್ರೇ ಹೋಗೋಕೆ ಆಗಲ್ಲ ಅವರಿಗೆ," ಎಂದಳು ಹೆಂಡತಿ. "ಯಾರಾದ್ರೂ ಗೊತ್ತಿರೋರು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕು."

ಚೂಟಿ ಆನೆಯ ಹರಿದ ಕಿವಿ ತಿರುವುತ್ತ ಬಹಳ ಹೊತ್ತು ಯೋಚಿಸಿದಳು. ದೊಡ್ಡವರ ಜವಾಬ್ದಾರಿ ತಲೆಯ ಮೇಲೆ ಬಿದ್ದ ಮಕ್ಕಳು ಬಿಡುವ ಉದ್ದನೆಯ ಉಸಿರು ಬಿಟ್ಟಳು.

"ಸರಿ. ನಾನು ಬರ್ತೀನಿ ನಾಳೆ, ಅಪ್ಪನ ಜೊತೆ."

ಹೆಂಡತಿ ಮಗಳ ತಲೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡಳು. ಅವಳ ಹೊಸ ಕೆಲಸ ಉಳಿದಿತ್ತು. ಬಾಗಿಲಲ್ಲಿ ನಿಂತವರಿಗೆ ಜೀವ ಬಂತು. ನಾನು ಹೇಳಿದ್ದೇ ಕೊನೆಗೆ ಕೆಲಸ ಮಾಡಿತು ಎಂದು ಮೂವರೂ ಒಟ್ಟಿಗೆ ಹೇಳಿದರು. ಫ್ರೇಮಣ್ಣ ಗೆದ್ದವನಂತೆ ಮುಂದೆ ಬಂದು ಮಂಚಕ್ಕೆ ಕೈ ಹಾಕಿದ.

"ಬಾ ಹಾಗಾದ್ರೆ, ಇದನ್ನ ಕೆಳಗಿಳಿಸೋಣ."

"ಈಗಲೇ ಅಲ್ಲ," ಎಂದಳು ಚೂಟಿ, ಕೆಳಗಿಳಿಯುತ್ತ. "ಮೊದಲು ಅಪ್ಪಂಗೆ ಆಟ ಆಡಿಸ್ಬೇಕು. ಇಲ್ಲಾಂದ್ರೆ ಅಪ್ಪ ನಾಳೆ ಅಳ್ತಾರೆ. ಅಪ್ಪಾ, ನೀನು ಮಂಚ ತಗೊಂಡು ಕೆಳಗಿನ ಮನೆಗೆ ಹೋಗು. ಅದು ಹೊಸ ಮನೆ. ನಗ್ತಾ ಹೋಗ್ಬೇಕು."

"ಚೂಟಿ, ಅಪ್ಪಂಗೆ ಸಾಕಾಗಿದೆ," ಎಂದು ಫ್ರೇಮಣ್ಣ ಹೆಂಡತಿಯತ್ತ ತಿರುಗಿದ.

"ಹೋಗಿ ರೀ," ಎಂದಳು ಅವಳು ಮೆಲ್ಲಗೆ. "ಮಗು ನಿಮ್ಮ ಒಳ್ಳೇದಕ್ಕೇ ಹೇಳ್ತಿದೆ."

ಡ್ರಿಲ್ ಮೇಷ್ಟ್ರಿಗೆ ಇನ್ನೇನು ಬೇಕು, ಸೀಟಿ ಬಾಯಿಗಿಟ್ಟರು. ಟೈಲರಮ್ಮ ತಿರುವಿನಲ್ಲಿ ನಿಂತು, ಈ ಸಲ ಉದ್ದಕ್ಕೆ ಹಿಡಿಯಬೇಕೆಂದು ಕೂಗಿದರು. ಫ್ರೇಮಣ್ಣ ಮಂಚವನ್ನು ತಲೆಗೇರಿಸಿಕೊಂಡು ಮೆಟ್ಟಿಲಿಳಿದು ತನ್ನ ಹಾಲಿಗೆ ತಲುಪಿದ. ಗೋಡೆಗೊರಗಿ ಉಸಿರು ಬಿಡುವಷ್ಟರಲ್ಲಿ ಚೂಟಿ ಹಿಂದೆಯೇ ಬಂದಳು. ಹತ್ತಿರ ನಿಂತು, ಕತ್ತೆತ್ತಿ, ಅವನ ಮುಖವನ್ನು ಗಮನವಿಟ್ಟು ಪರೀಕ್ಷಿಸಿದಳು. ಪ್ರೀತಿಯಿಂದ ಅವನ ಮೊಣಕೈ ತಟ್ಟಿದಳು.

"ಪರವಾಗಿಲ್ಲ ಅಪ್ಪಾ, ಮೊದಲ ಸಲ ಎಲ್ಲರಿಗೂ ಕಷ್ಟ," ಎಂದಳು. "ಆದ್ರೆ ನಗು ಬಂದಿಲ್ಲ. ಇನ್ನೊಂದ್ಸಲ ಮೇಲಿಂದ ಮಾಡೋಣ."